ಅಭಿಮಾನಿಕಥೆಗಳೂ ದೂರದರ್ಶನಪಾತ್ರಗಳಲ್ಲಿ ಓದುಗರ ಭಾವವೂ

ಅಮೆರಿಕದ ಎನ್. ಬಿ. ಸಿ. ಪ್ರಸಾರಸಂಸ್ಥೆಯು ೧೯೬೬ನೆಯ ಇಸವಿ ಸೆಪ್ಟೆಂಬರ್ ೮ರಂದು ತೋರಿಸಲಾರಂಭಿಸಿದ 'ಸ್ಟಾರ್ ಟ್ರೆಕ್' ಎಂಬ ದೂರದರ್ಶನ ಧಾರಾವಾಹಿಯು ೭೯ ಸಂಚಿಕೆಗಳಾದ ಬಳಿಕ ೧೯೬೯ನೆಯ ಜೂನ್ ೩ರಂದು ನಿಂತುಹೋಯಿತು. ನಾಟಕವು ನಿಂತಿತೇ ಹೊರತು ಪಾತ್ರಗಳು ನಿಲ್ಲಲಿಲ್ಲ. ಧಾರಾವಾಹಿಯು ಇನ್ನೂ ನಡೆಯುತ್ತಿದ್ದಾಗಲೇ, ೧೯೬೭ರಲ್ಲಿ, 'ಸ್ಪಾಕನೇಲಿಯ' ಎಂಬ ಕಿರುಪತ್ರಿಕೆಯೊಂದು ಪ್ರೇಕ್ಷಕರಿಂದಲೇ ಹೊರಟಿತು. ಅದರಲ್ಲಿಯೂ ಅದನ್ನನುಸರಿಸಿ ಹುಟ್ಟಿದ ಬೇರೆ ಅನೇಕ ಪತ್ರಿಕೆಗಳಲ್ಲಿಯೂ, ನೋಡಿದವರು ತಾವು ನೋಡಿದ ಪಾತ್ರಗಳನ್ನೇ ಇಟ್ಟುಕೊಂಡು ಹೊಸ ಕಥೆಗಳನ್ನು ಬರೆದರು. ಬರೆದವರಲ್ಲಿಯೂ ಓದಿದವರಲ್ಲಿಯೂ ಸ್ತ್ರೀಯರೇ ಹೆಚ್ಚು. ಲಾಭದ ಆಸೆಯಿಲ್ಲದೆ, ಮೂಲದ ಒಡೆಯರ ಅಪ್ಪಣೆಯೂ ಇಲ್ಲದೆ ಹೀಗೆ ಬರೆದ ಕಥೆಗೆ ಇಂಗ್ಲಿಷಿನಲ್ಲಿ ಫ್ಯಾನ್ ಫಿಕ್ಷನ್ ಎಂದು ಹೆಸರು. ಇಲ್ಲಿ ಅದನ್ನು ಅಭಿಮಾನಿಕಥೆಯೆಂದು ವ್ಯವಹರಿಸಲಾಗುವುದು. ಇಂಥ ಕಥೆಯನ್ನೋದಿದವರಿಗೆ ಮೂಲಪಾತ್ರದಲ್ಲಿ ಮೊದಲಿದ್ದ ಭಾವವು ಹೆಚ್ಚುವುದೋ, ಕುಗ್ಗುವುದೋ, ಅಥವಾ ಬೇರೊಂದಾಗಿ ಮಾರ್ಪಡುವುದೋ ಎಂಬುದು ಇಲ್ಲಿಯ ವಿಚಾರ್ಯವಿಷಯವು.

ಈ ವಿಷಯದಲ್ಲಿ ಎರಡು ಪೂರ್ವಪಕ್ಷಗಳುಂಟು. ಪಾತ್ರವು ಅದನ್ನು ಸೃಷ್ಟಿಸಿದವನ ಸ್ವತ್ತು, ಅದನ್ನು ಪರರು ಮುಟ್ಟಿದರೆ ಕೆಡುತ್ತದೆ, ಕೆಟ್ಟ ಪಾತ್ರವನ್ನು ಕಂಡವನಿಗೆ ಮೂಲದ ಸವಿಯೂ ತಪ್ಪುತ್ತದೆ ಎಂಬುದೊಂದು. ಅಭಿಮಾನಿಕಥೆಯು ಬರೆಯುವವರ ಹಗಲುಗನಸು, ಅದರಿಂದ ಮೂಲಕ್ಕೆ ಕೇಡೂ ಇಲ್ಲ, ಒಳಿತೂ ಇಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳುವವರು ಹೆಚ್ಚಾಗಿ ಗ್ರಂಥಕರ್ತರು. ಎರಡನೆಯದನ್ನು ಹೇಳುವವರು ಇಂಥ ಕಥೆಗಳನ್ನೇ ಓದದವರು. ೧೯೯೨ರಲ್ಲಿ ಹೆನ್ರಿ ಜೆಂಕಿನ್ಸ್ ಎಂಬ ಅಮೆರಿಕದ ವಿದ್ವಾಂಸನು 'ಟೆಕ್ಸ್ಟುಯಲ್ ಪೋಚರ್ಸ್' ಎಂಬ ತನ್ನ ಗ್ರಂಥದಲ್ಲಿ ಅಭಿಮಾನಿಗಳ ಪಕ್ಷವನ್ನು ಹಿಡಿದು, ಅವರನ್ನು ಒಡೆಯನ ಕಾಡಿನಲ್ಲಿ ಕದ್ದು ಬೇಟೆಯಾಡುವವರಿಗೆ ಹೋಲಿಸಿದನು. ಈ ಹೋಲಿಕೆಯನ್ನು ಅವನು ಫ್ರಾನ್ಸಿನ ಮಿಶೆಲ್ ದ ಸೆರ್ತೋನಿಂದ ಪಡೆದುಕೊಂಡನು. ಹೋಲಿಕೆಯು ಸೊಗಸಾದುದೇ, ಆದರೆ ಕಾಡಿಗೆ ಒಡೆಯನುಂಟೆಂಬುದನ್ನು ಅದೂ ಒಪ್ಪಿಕೊಂಡೇ ಮಾತನಾಡುತ್ತದೆ. ಸ್ವತ್ತಿನ ವ್ಯಾಜ್ಯವು ನ್ಯಾಯಸ್ಥಾನಕ್ಕೆ ಸೇರಿದ್ದು. ರಸದ ವಿಚಾರಕ್ಕೆ ಹೊರಟವರು ಮೃಗವು ಯಾರದೆಂದು ಕೇಳುವುದಕ್ಕಿಂತ, ಓದುವ ಹೃದಯದಲ್ಲಿ ಏನು ನಡೆಯಿತೆಂದು ಕೇಳುವುದೇ ಯುಕ್ತವು.

ಅದನ್ನು ಒಂದು ಸಂಚಿಕೆಯನ್ನಿಟ್ಟುಕೊಂಡೇ ನೋಡತಕ್ಕುದು. ಥಿಯೊಡೋರ್ ಸ್ಟರ್ಜನ್ ಬರೆದ 'ಅಮೋಕ್ ಟೈಮ್' ಎಂಬುದು ೧೯೬೭ನೆಯ ಸೆಪ್ಟೆಂಬರ್ ೧೫ರಂದು ಪ್ರಸಾರವಾಯಿತು. ಸ್ಪಾಕನು ವಲ್ಕನ್ ಎಂಬ ಗ್ರಹದ ತಂದೆಗೂ ಮನುಷ್ಯಳಾದ ತಾಯಿಗೂ ಹುಟ್ಟಿದವನು. ವಲ್ಕನರು ಭಾವಗಳನ್ನು ನಿಗ್ರಹಿಸಿ ತರ್ಕವೊಂದನ್ನೇ ನಂಬಿ ಬಾಳುವವರು. ಆದರೆ ಏಳು ವರ್ಷಕ್ಕೊಮ್ಮೆ ಅವರ ಪುರುಷರಿಗೆ ತಡೆಯಲಾರದ ಕಾಮೋದ್ರೇಕವುಂಟಾಗುತ್ತದೆ. ಆಗ ತವರುಗ್ರಹಕ್ಕೆ ಹೋಗಿ ವಿವಾಹವಾಗದಿದ್ದರೆ ಸಾವೇ ಗತಿ. ಸ್ಪಾಕನು ಹೋಗುತ್ತಾನೆ. ಬಾಲ್ಯದಲ್ಲಿಯೇ ನಿಶ್ಚಿತಳಾದ ವಧು ಟಿಪ್ರಿಂಗ್ ಎಂಬುವಳು ದ್ವಂದ್ವಯುದ್ಧವನ್ನು ಕೋರಿ, ವರನಿಗೆ ಎದುರಾಳಿಯಾಗಿ ಅವನ ನಾಯಕನೂ ಮಿತ್ರನೂ ಆದ ಕರ್ಕನನ್ನೇ ಆರಿಸುತ್ತಾಳೆ. ಉನ್ಮತ್ತನಾದ ಸ್ಪಾಕನ ಕೈಯಲ್ಲಿ ಕರ್ಕನು ಸತ್ತನೆಂದು ಎಲ್ಲರೂ ತಿಳಿಯುತ್ತಾರೆ. ವೈದ್ಯನಾದ ಮೆಕಾಯ್ ಮದ್ದನ್ನು ಚುಚ್ಚಿ ಸಾವನ್ನು ನಟಿಸುವಂತೆ ಮಾಡಿದ್ದನೆಂಬುದು ಆಮೇಲೆ ತಿಳಿಯುವ ಸಂಗತಿ. ದಂಡನೆಗೆ ಒಡ್ಡಿಕೊಳ್ಳಲು ನೌಕೆಗೆ ಮರಳಿದ ಸ್ಪಾಕನು ಜೀವಂತನಾಗಿ ನಿಂತ ಮಿತ್ರನನ್ನು ಕಂಡೊಡನೆ ಅವನ ತೋಳುಗಳನ್ನು ಹಿಡಿದು, ಬಿರುದಿನೊಡನೆ ಹೆಸರಿನಿಂದಲೂ ಕೂಗಿ, ಮುಖವರಳಿ ನಗುತ್ತಾನೆ. ಮರುಕ್ಷಣವೇ ಆ ನಗೆಯನ್ನು ಒಳಕ್ಕೆಳೆದುಕೊಂಡು ತರ್ಕದ ಮಾತಾಡುತ್ತಾನೆ.

ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಆ ನಗೆಯು ಅನುಭಾವವು. ಅದನ್ನು ಮರೆಮಾಡಿದ್ದು ಅವಹಿತ್ಥವೆಂಬ ವ್ಯಭಿಚಾರಿಭಾವವು. ಆದರೆ ಇವೆರಡೂ ಯಾವ ಸ್ಥಾಯಿಗೆ ಸೇರಿದವೆಂಬುದನ್ನು ಸಂಚಿಕೆಯು ಹೇಳುವುದಿಲ್ಲ. ಅಭಿಮಾನಿಕಥೆಗಳು ಹುಟ್ಟಿದ್ದು ಈ ಎಡೆಯಲ್ಲಿಯೇ. ಒಬ್ಬಳು ಆ ನಗೆಯ ಹಿಂದೆ ಹತ್ತು ವರ್ಷದ ಸಖ್ಯವನ್ನು ಕಲ್ಪಿಸಿದಳು. ಮತ್ತೊಬ್ಬಳು, ಮಿತ್ರನು ಗಾಯಗೊಂಡು ಬಿದ್ದಾಗ ಇರುಳೆಲ್ಲ ಎಚ್ಚರವಿದ್ದು ಆರೈಕೆಮಾಡುವ ಸ್ಪಾಕನನ್ನು ಚಿತ್ರಿಸಿದಳು. ಗಾಯ ಮತ್ತು ಆರೈಕೆಗಳ ಈ ಕಥಾಜಾತಿಯೇ ಅಭಿಮಾನಿಸಮಾಜದ ಹೃದಯವೆಂದು ೧೯೯೨ರಲ್ಲಿ 'ಎಂಟರ್‌ಪ್ರೈಸಿಂಗ್ ವಿಮೆನ್' ಎಂಬ ಗ್ರಂಥವನ್ನು ಪ್ರಕಟಿಸಿದ ಕಮೀಲ್ ಬೇಕನ್-ಸ್ಮಿತ್ ಅವರ ಅಭಿಪ್ರಾಯ. ಇನ್ನು ಕೆಲವರು ಆ ನಗೆಯು ರತಿಯ ಚಿಹ್ನೆಯೇ ಸರಿಯೆಂದು ತಿಳಿದು, ಇಬ್ಬರು ಪುರುಷರನ್ನೂ ಪ್ರಣಯಿಗಳನ್ನಾಗಿ ಮಾಡಿ ಬರೆದರು. ೧೯೭೪ರಲ್ಲಿ ಅಚ್ಚಾದ ಒಂದು ಕಿರುಕಥೆಯನ್ನು ಈ ವರ್ಗದಲ್ಲಿ ಪ್ರಕಟವಾದವುಗಳಲ್ಲಿ ಮೊದಲನೆಯದೆಂದು ಎಣಿಸುವರು. ಆ ಕಥೆಯು ಪಾತ್ರಗಳ ಹೆಸರನ್ನೇ ಹೇಳುವುದಿಲ್ಲವಾದರೂ ಓದಿದವರಿಗೆ ಅವರು ಯಾರೆಂಬ ಸಂಶಯವುಂಟಾಗಲಿಲ್ಲ.

ಮುಂದೆ ನಡೆದ ವಾದವು ಸಂಸ್ಕೃತಜ್ಞರಿಗೆ ಹೊಸದಲ್ಲ. ಸ್ನೇಹವನ್ನೇ ಸ್ಥಾಯಿಯನ್ನಾಗಿ ಮಾಡಿ ಪ್ರೇಯಸ್ಸೆಂಬ ಹತ್ತನೆಯ ರಸವನ್ನು ರುದ್ರಟನು ಒಪ್ಪಿದನು. ಅಭಿನವಗುಪ್ತನು ಅದನ್ನೊಪ್ಪದೆ, ತರುಣನಿಗೆ ಮಿತ್ರನಲ್ಲಿರುವ ಸ್ನೇಹವು ರತಿಯಲ್ಲಿಯೇ ಅಡಗುವುದೆಂದೂ ಲಕ್ಷ್ಮಣಾದಿಗಳಿಗೆ ಅಣ್ಣನಲ್ಲಿರುವುದು ಧರ್ಮವೀರದಲ್ಲಿ ಅಡಗುವುದೆಂದೂ ವಿಭಾಗಿಸಿದನು. ಅವನ ಮಾತಿನ ತಾತ್ಪರ್ಯವನ್ನು ಎಳೆದಾಡುವುದು ತರವಲ್ಲ. ಅಲ್ಲಿಯ ರತಿಶಬ್ದಕ್ಕೆ ಕಾಮವೆಂದೇ ಅರ್ಥವಾಗಬೇಕಾದುದಿಲ್ಲ. ಆದರೂ ಮೈತ್ರಿಯು ಒಂದೇ ಮೊಗದ ಭಾವವಲ್ಲ, ಆಶ್ರಯಭೇದದಿಂದ ಅದು ಬೇರೆಬೇರೆ ಸ್ಥಾಯಿಗಳ ಕಡೆಗೆ ಹರಿಯಬಲ್ಲುದು ಎಂಬಷ್ಟನ್ನು ಅವನೂ ಕಂಡಿದ್ದನು. ಸ್ಪಾಕನಲ್ಲಿ ಧರ್ಮವೀರವನ್ನು ಕಂಡವರಿಗೂ ಶೃಂಗಾರವನ್ನು ಕಂಡವರಿಗೂ ಮುಂದಿದ್ದುದು ಅದೇ ಎರಡು ಕ್ಷಣದ ನಗೆ. ಈ ವಾದವು ಪಾತ್ರದ ಜನಕನಾದ ಜೀನ್ ರಾಡನ್‌ಬರಿಯವರೆಗೂ ಹೋಯಿತು. ಮೊದಲನೆಯ ಚಲನಚಿತ್ರದ ಕಥೆಯನ್ನು ಅವನು ೧೯೭೯ರಲ್ಲಿ ಕಾದಂಬರಿಯಾಗಿ ಬರೆದಾಗ, ಮಿತ್ರ, ಸೋದರ, ಪ್ರಣಯಿ ಎಂಬ ಮೂರು ಅರ್ಥಗಳೂ ಕೂಡುವ ಒಂದು ವಲ್ಕನ್ ಪದವನ್ನು ಕಲ್ಪಿಸಿ, ಅದಕ್ಕೆ ಅಡಿಟಿಪ್ಪಣಿಯನ್ನೂ ಇಟ್ಟು, ತಾವಿಬ್ಬರೂ ಪ್ರಣಯಿಗಳೆಂಬ ವದಂತಿಯನ್ನು ಕರ್ಕನ ಬಾಯಿಂದಲೇ ಪ್ರಸ್ತಾಪಿಸಿ ತಳ್ಳಿಹಾಕಿಸಿದನು. ತಳ್ಳಿಹಾಕಬೇಕಾದರೂ ಅದನ್ನು ಎತ್ತಿಕೊಳ್ಳಲೇಬೇಕಾಯಿತಷ್ಟೆ. ಮೂಲಕ್ಕೆ ಕೇಡೂ ಒಳಿತೂ ಇಲ್ಲವೆಂಬ ಎರಡನೆಯ ಪೂರ್ವಪಕ್ಷವು ಇಲ್ಲಿಗೆ ಬಿದ್ದುಹೋಯಿತೆಂದೇ ತಿಳಿಯಬಹುದು.

ಹಾಗಾದರೆ ಓದಿದವಳಲ್ಲಿ ಆದ ಮಾರ್ಪಾಡಾದರೂ ಏನು? ಅಭಿಮಾನಿಕಥೆಯು ಮೂಲದ ಒಂದು ಚೌಕಟ್ಟನ್ನೂ ಬದಲಿಸಲಾರದು. ಅದೇ ನಗೆ, ಅದೇ ಎರಡು ಕ್ಷಣ. ಬದಲಾಗುವುದು ನೋಡುವವಳ ವಾಸನೆಯು. ವಾಸನೆಯಿಲ್ಲದವನು ರಂಗಶಾಲೆಯ ಕಲ್ಲುಮರಗಳಿಗೆ ಸಮಾನನೆಂದು ಪ್ರಾಚೀನರು ಹೇಳಿದ್ದುಂಟು. ಲೋಕದ ಅನುಭವದಿಂದಲೂ ಜನ್ಮಾಂತರದಿಂದಲೂ ಬರುತ್ತದೆಂದು ಅವರು ತಿಳಿದಿದ್ದ ಈ ಸಂಸ್ಕಾರವು ಇಲ್ಲಿ ಓದಿನಿಂದ ಬರುತ್ತಿದೆ. ದೂರದರ್ಶನದ ಪಾತ್ರವು ರಂಗದ ಪಾತ್ರದಂತೆ ವರ್ಷಕ್ಕೊಮ್ಮೆ ಕಾಣುವುದಲ್ಲ. ವಾರವಾರವೂ ಮನೆಯೊಳಕ್ಕೇ ಬರುವುದು. ೧೯೫೬ರಲ್ಲಿಯೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬಿಬ್ಬರು, ಮುಖ್ಯವಾಗಿ ಕಾರ್ಯಕ್ರಮಗಳನ್ನು ನಡೆಸಿಕೊಡುವವರನ್ನು ಕುರಿತು, ಪರದೆಯಲ್ಲಿ ಕಾಣುವವರೊಡನೆ ನೋಡುವವರಿಗೆ ಒಮ್ಮುಖವಾದ ಒಂದು ಸಖ್ಯವು ಬೆಳೆಯುವುದೆಂದು ನಿರೂಪಿಸಿದ್ದರು. ವಾರಕ್ಕೊಂದು ಗಳಿಗೆ ಬಂದುಹೋಗುವ ಈ ಸಖನು ಉಳಿದ ಆರು ದಿನ ಏನು ಮಾಡುತ್ತಾನೆಂಬ ಕುತೂಹಲವನ್ನು ಅಭಿಮಾನಿಕಥೆಯು ತಣಿಸುತ್ತದೆ.

ಇದಕ್ಕೆ ಇನ್ನೂ ಸ್ಪಷ್ಟವಾದ ಉದಾಹರಣೆಯು ಸ್ಪಾಕನ ತಾಯಿತಂದೆಗಳದು. ಡಿ. ಸಿ. ಫಾಂಟಾನ ಬರೆದು ೧೯೬೭ನೆಯ ನವೆಂಬರ್ ೧೭ರಂದು ಪ್ರಸಾರವಾದ 'ಜರ್ನಿ ಟು ಬೇಬಲ್' ಎಂಬ ಸಂಚಿಕೆಯಲ್ಲಿ ಅವರು ಕಾಣಿಸಿಕೊಳ್ಳುತ್ತಾರೆ. ಹದಿನೆಂಟು ವರ್ಷಗಳಿಂದ ತಂದೆಮಕ್ಕಳಂತೆ ಮಾತಾಡದ ಸಾರೆಕನಿಗೆ ಶಸ್ತ್ರಚಿಕಿತ್ಸೆಯಾಗಬೇಕು. ರಕ್ತ ಕೊಡಬೇಕಾದವನು ಮಗನು. ಕರ್ಕನು ಇರಿತಕ್ಕೆ ಸಿಕ್ಕಿ ಮಲಗಿರುವುದರಿಂದ ನೌಕೆಯ ಹೊಣೆಯು ಮಗನ ಮೇಲಿದೆ, ಅದನ್ನು ಬಿಟ್ಟು ಬರಲಾರೆನೆನ್ನುತ್ತಾನೆ. ತಾಯಿ ಅಮಾಂಡ ಬೇಡಿಕೊಂಡು, ಕೊನೆಗೆ ಮಗನ ಕೆನ್ನೆಗೆ ಹೊಡೆದು ಹೊರಟುಹೋಗುತ್ತಾಳೆ. ಮುಚ್ಚಿದ ಬಾಗಿಲಿನ ಮೇಲೆ ಸ್ಪಾಕನು ಕೈಯನ್ನಿಡುತ್ತಾನೆ. ಮಾತಿಲ್ಲ. ಧಾರಾವಾಹಿಯಲ್ಲಿ ಈ ದಂಪತಿಗಳ ಪಾಲು ಇದೊಂದು ಸಂಚಿಕೆ ಮಾತ್ರ. ಮನುಷ್ಯಳೊಬ್ಬಳು ಭಾವವನ್ನು ಹೊರಗೆಡಹದ ಗಂಡನೊಡನೆ ಹೇಗೆ ಬಾಳಿದಳೆಂಬುದನ್ನು ಜೀನ್ ಲೊರ ಎಂಬ ಲೇಖಕಿಯು ೧೯೭೬ರಲ್ಲಿ 'ದಿ ನೈಟ್ ಆಫ್ ದಿ ಟ್ವಿನ್ ಮೂನ್ಸ್' ಎಂಬ ಅಭಿಮಾನಿಕಥಾಸಂಪುಟದಲ್ಲಿ ವಿಸ್ತರಿಸಿದಳು. ೧೯೮೪ರಲ್ಲಿ ಅವಳೇ ಅಧಿಕೃತ ಕಾದಂಬರಿಯೊಂದರಲ್ಲಿ ಆ ದಂಪತಿಗಳನ್ನು ಮತ್ತೆ ತಂದಳು. ಅಂಥ ಕಥೆಯನ್ನು ಓದದೆ ನೋಡಿದವನಿಗೆ ಆ ಏಟು ಮಗನ ಮೇಲಿನ ಕೋಪವು. ಓದಿ ಬಂದವಳಿಗೆ ಅದು ಗಂಡನ ಮನೆಯಲ್ಲಿ ಬಹುಕಾಲ ಅಡಗಿಸಿಟ್ಟಿದ್ದುದು ಒಮ್ಮೆಗೇ ಹೊರಬಿದ್ದುದಾಗಿ ತೋರುತ್ತದೆ. ಬಾಗಿಲಿನ ಮೇಲಿನ ಕೈಯೂ ಹಾಗೆಯೇ. ಇದು ಪಾತ್ರವು ಕೆಟ್ಟುದಲ್ಲ, ಅದರ ವಿಭಾವವು ಬೆಳೆದುದು. ಮೊದಲನೆಯ ಪೂರ್ವಪಕ್ಷವೂ ಇಷ್ಟರಮಟ್ಟಿಗೆ ಸಡಿಲವಾಯಿತು.

ಪೂರ್ತಿಯಾಗಿ ಸಡಿಲವಾಯಿತೆನ್ನಲಾಗದು. ರಾಮಾಯಣಾದಿಗಳಂತೆ ರಸವು ಆಗಲೇ ಸಿದ್ಧವಾಗಿರುವ ಕಥೆಗಳಲ್ಲಿ ಆ ರಸಕ್ಕೆ ವಿರೋಧವಾದ ಸ್ವೇಚ್ಛೆಯನ್ನು ಸೇರಿಸಬಾರದೆಂದು ಆನಂದವರ್ಧನನು 'ಧ್ವನ್ಯಾಲೋಕ'ದ ಮೂರನೆಯ ಉದ್ದ್ಯೋತದಲ್ಲಿ ವಿಧಿಸಿದ್ದಾನೆ. ಅದೇ ಪ್ರಕರಣದಲ್ಲಿಯೇ, ಪರಂಪರೆಯಿಂದ ಬಂದ ಸಂಗತಿಯು ರಸಕ್ಕೆ ಹೊಂದದಿದ್ದರೆ ಅದನ್ನು ಬಿಟ್ಟು ಬೇರೆಯದನ್ನು ಕಲ್ಪಿಸಿಕೊಳ್ಳಬೇಕೆಂದೂ ಹೇಳಿ, ಕಾಳಿದಾಸನ ಪ್ರಬಂಧಗಳನ್ನೂ ಸರ್ವಸೇನನ 'ಹರಿವಿಜಯ'ವನ್ನೂ ತನ್ನದೇ ಆದ 'ಅರ್ಜುನಚರಿತ'ವನ್ನೂ ಉದಾಹರಿಸುತ್ತಾನೆ. ಎರಡು ಮಾತಿಗೂ ವಿರೋಧವಿಲ್ಲ: ಕಥೆಯ ಸಂಗತಿಗಳಲ್ಲಿ ಸ್ವಾತಂತ್ರ್ಯ, ರಸದಲ್ಲಿ ಪಾರತಂತ್ರ್ಯ. ಅಭಿಮಾನಿಗಳು ಈ ಶಾಸ್ತ್ರವನ್ನೋದದೆಯೇ ಇದೇ ನಿಯಮವನ್ನು ಮಾಡಿಕೊಂಡಿದ್ದಾರೆ. ಕಥೆಯಲ್ಲಿ ಗ್ರಹಗಳು ಹುಟ್ಟಲಿ, ನೌಕೆಗಳು ಮುಳುಗಲಿ, ಅವರು ಆಕ್ಷೇಪಿಸುವುದಿಲ್ಲ. ಸ್ಪಾಕನು ಕಾರಣವಿಲ್ಲದೆ ಕಣ್ಣೀರಿಟ್ಟರೆ ಮಾತ್ರ, ಅವನು ತನ್ನ ಪ್ರಕೃತಿಯಿಂದ ಹೊರಬಿದ್ದನೆಂದು ಹೇಳಿ ಪುಸ್ತಕವನ್ನು ಮುಚ್ಚುತ್ತಾರೆ. ಪ್ರಕೃತ್ಯೌಚಿತ್ಯವೆಂದು ಆಲಂಕಾರಿಕರು ಕರೆದುದೂ ಇದನ್ನೇ.

ಪ್ರಕೃತ್ಯೌಚಿತ್ಯವು ಕೆಡುವುದಕ್ಕೆ ಪ್ರಸಿದ್ಧವಾದ ದೃಷ್ಟಾಂತವು ಮೇರಿ ಸ್ಯೂ ಎಂಬುವಳದು. ೧೯೭೩ರಲ್ಲಿ ಒಂದು ಕಿರುಪತ್ರಿಕೆಯಲ್ಲಿ ಅಚ್ಚಾದ ಪರಿಹಾಸಕಥೆಯ ನಾಯಕಿ ಇವಳು. ವಯಸ್ಸು ಹದಿನೈದೂವರೆ, ಪಡೆಯಲ್ಲೆಲ್ಲ ಅತಿ ಕಿರಿಯ ಲೆಫ್ಟಿನೆಂಟು. ನಾಯಕನು ಅವಳನ್ನು ಕಂಡೊಡನೆ ಮೋಹಿತನಾಗುತ್ತಾನೆ, ಸ್ಪಾಕನು ಅವಳ ತರ್ಕಕ್ಕೆ ತಲೆದೂಗುತ್ತಾನೆ, ನೌಕೆಯನ್ನು ಅವಳೊಬ್ಬಳೇ ನಡೆಸುತ್ತಾಳೆ, ಕೊನೆಗೆ ಎಲ್ಲರ ಕಣ್ಣೀರಿನ ನಡುವೆ ಸಾಯುತ್ತಾಳೆ. ಆಗ ಹೆಚ್ಚಾಗಿ ಬರುತ್ತಿದ್ದ ಕಥೆಗಳನ್ನು ಅಣಕಿಸುವುದಕ್ಕಾಗಿ ಬರೆದುದಾದ್ದರಿಂದ ಇದು ಅರ್ಧಪುಟದಷ್ಟೇ ಇದ್ದರೂ ಹೆಸರು ಶಾಶ್ವತವಾಯಿತು. ಅಭಿನವಗುಪ್ತನು ಎಣಿಸಿದ ಏಳು ರಸವಿಘ್ನಗಳಲ್ಲಿ, ನೋಡುವವನು ಭಾವವನ್ನು ತನ್ನದೆಂದೇ ಅಂಟಿಸಿಕೊಳ್ಳುವುದೊಂದು, ತನ್ನ ಸುಖದುಃಖಗಳಿಗೇ ವಶನಾಗುವುದಿನ್ನೊಂದು. ಮೇರಿ ಸ್ಯೂವಿನ ಕಥೆಗಳಲ್ಲಿ ಎರಡೂ ಕೂಡಿವೆ. ಬರೆದವಳಿಗೆ ಸ್ಪಾಕನ ಪ್ರೀತಿಯು ತನಗೆ ಬೇಕು. ಓದುವವಳಿಗೆ ಆ ಪ್ರೀತಿಯಲ್ಲಿ ಪಾಲಿಲ್ಲ. ಸಾಧಾರಣೀಕರಣವಾಗದೆ ಉಳಿದ ಭಾವವು ಪರರ ಮನೆಯ ಔತಣದಂತೆ ಕಾಣುತ್ತದೆ. ಇಷ್ಟನ್ನು ಹೇಳಿದರೂ, ಹದಿನೈದೂವರೆಯ ಹುಡುಗಿಯರು ಬರೆಯಲು ಕಲಿತದ್ದು ಬಹುಮಟ್ಟಿಗೆ ಇಂಥ ಕಥೆಗಳಿಂದಲೇ ಎಂಬುದನ್ನು ಮರೆತು ನಗುವುದು ಸರಿಯಲ್ಲ. ಅವಳ ಹೆಸರು ಬೈಗುಳಾದ ಮೇಲೆ, ಅರ್ಹಳಾದ ಸ್ತ್ರೀಪಾತ್ರವನ್ನು ಸೃಷ್ಟಿಸುವುದಕ್ಕೂ ಎಷ್ಟೋ ಲೇಖಕಿಯರು ಹೆದರಿದರು.

ಇನ್ನೊಂದು ಕೇಡು ಇದಕ್ಕಿಂತ ದೊಡ್ಡದು. ಅದನ್ನು ಕುರಿತ ನಗೆಗಥೆಗಳು ಕಡಮೆ. ಇಬ್ಬರ ಪ್ರೇಮವನ್ನು ಬೆಳಸಹೊರಟ ಕಥೆಗೆ ಮೂರನೆಯವರು ಅಡ್ಡಬಂದರೆ, ಆ ಮೂರನೆಯವರನ್ನು ಹೇಯರನ್ನಾಗಿ ಮಾಡುವ ಚಪಲವು ಹುಟ್ಟುತ್ತದೆ. ಮೂಲದಲ್ಲಿ ಟಿಪ್ರಿಂಗಳು ದುಷ್ಟೆಯಲ್ಲ. ಅವಳಿಗೆ ಬೇಕಾದವನು ಸ್ಟಾನನು. ಕರ್ಕನು ಗೆದ್ದರೂ ಸ್ಪಾಕನು ಗೆದ್ದರೂ ತನ್ನಿಷ್ಟವೇ ಕೈಗೂಡುವಂತೆ ಅವಳು ಯೋಚಿಸಿದ್ದಳು, ಸ್ಪಾಕನೇ ಅವಳ ತರ್ಕವನ್ನು ಮೆಚ್ಚಿಕೊಳ್ಳುತ್ತಾನೆ. ತನ್ನನ್ನು ಕೇಳದೆ ಬಾಲ್ಯದಲ್ಲಿ ಕಟ್ಟಿದ ಕಂಕಣವನ್ನು ಬಿಚ್ಚಿಕೊಳ್ಳಲು ಅವಳಿಗಿದ್ದ ದಾರಿ ಅದೊಂದೇ. ಇಂಥವಳನ್ನು ಕೇವಲ ಕ್ರೂರಿಯಾಗಿ ಬರೆದ ಕಥೆಗಳನ್ನೋದಿದವಳು ಮತ್ತೆ ಸಂಚಿಕೆಯನ್ನು ನೋಡುವಾಗ ಆ ಮೆಚ್ಚುಗೆಯ ಮಾತೇ ಅವಳ ಕಿವಿಗೆ ಬೀಳದೆ ಹೋಗಬಹುದು. ಇಲ್ಲಿ ವಾಸನೆಯು ಬೆಳೆಯಲಿಲ್ಲ, ಕುರುಡಾಯಿತು. ಹಿಂದಿನ ಕವಿಗಳ ಒಲವು ಇದಕ್ಕೆ ವಿರುದ್ಧವಾಗಿತ್ತೆಂಬುದು ಗಮನಾರ್ಹವು. ಭಾಸನದೆಂದು ಪ್ರಸಿದ್ಧವಾದ 'ಪ್ರತಿಮಾನಾಟಕ'ವು ಕೈಕೇಯಿಯ ವರದ ಹಿಂದೆ ಋಷಿಶಾಪದ ಕಾರಣವನ್ನು ತಂದು ಅವಳನ್ನು ನಿರ್ದೋಷಿಯನ್ನಾಗಿ ಮಾಡುತ್ತದೆ. ಕನ್ನಡದಲ್ಲಿ ನಾಗಚಂದ್ರನು ಜೈನರಾಮಕಥೆಯ ಪರಂಪರೆಯನ್ನನುಸರಿಸಿ ರಾವಣನಿಗೆ ಪಶ್ಚಾತ್ತಾಪದ ಹೃದಯವನ್ನು ಕೊಟ್ಟನು. 'ರಾಮಚಂದ್ರಚರಿತಪುರಾಣ'ವನ್ನೋದಿ ಬಂದವನಿಗೆ ಬೇರೆ ರಾಮಾಯಣಗಳ ರಾವಣನೂ ಬರಿಯ ರಾಕ್ಷಸನಾಗಿ ಉಳಿಯುವುದಿಲ್ಲ. ಅಭಿಮಾನಿಕಥೆಗಳಲ್ಲಿಯೂ ಇಂಥ ಉದ್ಧಾರಕಾರ್ಯವು ಬಹಳವಾಗಿ ನಡೆದಿದೆಯಾದುದರಿಂದ ದೋಷವು ಜಾತಿಯದಲ್ಲ, ಬರೆಯುವವರದು.

ಓದುಗರ ಭಾವದ ಮೇಲೆ ಅಭಿಮಾನಿಕಥೆಗಿರುವ ಬಲವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಮರಣದ ಸಂದರ್ಭದಲ್ಲಿ. ಟೆರಿ ನೇಷನ್ ಕಲ್ಪಿಸಿದ 'ಬ್ಲೇಕ್ಸ್ ಸೆವೆನ್' ಎಂಬ ಧಾರಾವಾಹಿಯನ್ನು ಇಂಗ್ಲೆಂಡಿನ ಬಿ. ಬಿ. ಸಿ.ಯು ೧೯೭೮ರಿಂದ ೧೯೮೧ರ ವರೆಗೆ ೫೨ ಸಂಚಿಕೆಗಳಲ್ಲಿ ತೋರಿಸಿತು. ಕ್ರೂರವಾದ ಪ್ರಭುತ್ವದ ಮೇಲೆ ದಂಗೆಯೆದ್ದ ಬ್ಲೇಕನೂ ಅವನೊಡನೆ ನಿತ್ಯವೂ ಜಗಳವಾಡುತ್ತ ಅವನನ್ನು ಬಿಡಲಾರದ ಏವನನೂ ಅದರ ಪ್ರಧಾನಪಾತ್ರಗಳು. ೧೯೮೧ನೆಯ ಡಿಸೆಂಬರ್ ೨೧ರಂದು ಬಂದ ಕಡೆಯ ಸಂಚಿಕೆಯಲ್ಲಿ, ಗೌಡ ಪ್ರೈಮ್ ಎಂಬ ಗ್ರಹದ ಮೇಲೆ, ಬಹುಕಾಲದಿಂದ ಹುಡುಕುತ್ತಿದ್ದ ಬ್ಲೇಕನನ್ನು ಕಂಡ ಏವನನು ಅವನು ದ್ರೋಹಿಯಾದನೆಂದು ತಪ್ಪಾಗಿ ತಿಳಿದು ತಾನೇ ಗುಂಡಿಕ್ಕಿ ಕೊಲ್ಲುತ್ತಾನೆ. ಜೊತೆಯವರು ಒಬ್ಬೊಬ್ಬರಾಗಿ ಉರುಳುತ್ತಾರೆ. ಸುತ್ತಲೂ ಸೈನಿಕರು. ಏವನನು ಮಿತ್ರನ ಹೆಣದ ಮೇಲೆ ಕಾಲ್ಚಾಚಿ ನಿಂತು, ಕೋವಿಯನ್ನೆತ್ತಿ, ನಗುತ್ತಾನೆ. ಪರದೆಯು ಕಪ್ಪಾದ ಮೇಲೆ ಗುಂಡುಗಳ ಸದ್ದು ಮಾತ್ರ ಕೇಳುತ್ತದೆ. ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಮುಂಚೆ ಇದನ್ನು ತೋರಿಸಿದವರ ಎದೆಗಾರಿಕೆಯು ಮೆಚ್ಚತಕ್ಕದ್ದೇ.

ಇದರ ಬಳಿಕ ಏನಾಯಿತೆಂಬುದನ್ನು ಹೇಳುವ ಅಭಿಮಾನಿಕಥೆಗಳು ಎಷ್ಟಾದುವೆಂದರೆ, ಗೌಡ ಪ್ರೈಮಿನ ಅನಂತರದ ಕಥೆಗಳೆಂದು ಅವಕ್ಕೆ ಒಂದು ವರ್ಗವೇ ಏರ್ಪಟ್ಟಿತು. ಕೆಲವುಗಳಲ್ಲಿ ಗುಂಡುಗಳು ಮೂರ್ಛೆಗೊಳಿಸುವವು ಮಾತ್ರ. ಕೆಲವುಗಳಲ್ಲಿ ಸತ್ತವನು ಬ್ಲೇಕನ ಪ್ರತಿರೂಪನು. ಮತ್ತೆ ಕೆಲವುಗಳಲ್ಲಿ ಬ್ಲೇಕನು ಸತ್ತದ್ದು ನಿಜ, ಏವನನು ಆ ಪಾಪವನ್ನು ಹೊತ್ತು ಬದುಕುತ್ತಾನೆ. ಕಡೆಯ ವರ್ಗವೇ ಉತ್ತಮವೆಂದು ಹೇಳಬೇಕಾಗಿದೆ. ಕರುಣವು ನಿರಪೇಕ್ಷವಾದುದು, ವಿಪ್ರಲಂಭವು ಸಾಪೇಕ್ಷವಾದುದು ಎಂದು ಭರತನು ಇವೆರಡನ್ನೂ ಬೇರ್ಪಡಿಸಿದ್ದಾನೆ. ಮತ್ತೆ ಕೂಡುವ ಆಸೆಯ ಒಂದೆಳೆಯಿದ್ದರೆ ಸಾಕು, ಶೋಕವು ವಿರಹವಾಗುತ್ತದೆ. ಬ್ಲೇಕ್-ಏವನರು ಪ್ರಣಯಿಗಳಲ್ಲದಿದ್ದರೂ ಈ ಲಕ್ಷಣವು ಇಲ್ಲಿಗೆ ಒಪ್ಪುತ್ತದೆ. ಕಪ್ಪು ಪರದೆಯ ಹಿಂದಿನ ಗುಂಡುಗಳನ್ನು ಕೇಳಿ ನಿರಪೇಕ್ಷವಾದ ಶೋಕದಲ್ಲಿ ಬಿದ್ದವರು ಮರುವಾರದಿಂದಲೇ ಅದನ್ನು ಸಾಪೇಕ್ಷವನ್ನಾಗಿ ಮಾಡಿಕೊಳ್ಳತೊಡಗಿದರು.

ಇದರಿಂದ ಮೂಲದ ಘೋರತೆಯು ಅಳಿಯಲಿಲ್ಲವೇ ಎಂದು ಶಂಕಿಸಬಹುದು. ಶಂಕೆಯು ಹಗುರವಾದುದಲ್ಲ, ಬ್ಲೇಕನು ಏಳುವನೆಂದು ತಿಳಿದವಳಿಗೆ ಅವನು ಬೀಳುವಾಗಿನ ದುಃಖವು ಅಷ್ಟರಮಟ್ಟಿಗೆ ಹುಸಿಯಾಗಬೇಕು. ಆದರೆ ಭವಭೂತಿಯ 'ಉತ್ತರರಾಮಚರಿತ'ವನ್ನು ನೆನೆದರೆ ಬೇರೆ ತೋರುತ್ತದೆ. ವಾಲ್ಮೀಕಿಯಲ್ಲಿ ಭೂಮಿಯೊಳಗೆ ಹೋದ ಸೀತೆಯನ್ನು ಭವಭೂತಿಯು ರಾಮನೊಡನೆ ಕೂಡಿಸಿದನು. ಕೂಡುವರೆಂದು ತಿಳಿದವರೂ ಮೂರನೆಯ ಅಂಕದಲ್ಲಿ ಕಣ್ಣೀರಿಡದೆ ಇರುವುದಿಲ್ಲ. ಮಾತ್ರವಲ್ಲ, ಕೊನೆಯ ಸಮಾಗಮವು ಹೃದಯವನ್ನು ಹಿಂಡುವುದು ವಾಲ್ಮೀಕಿಯ ಅಗಲಿಕೆಯು ಓದುಗನ ನೆನಪಿನಲ್ಲಿ ಕುಳಿತಿರುವುದರಿಂದಲೇ. ಸೀತೆಯು ಮರಳಲಿಲ್ಲವೆಂದು ಅರಿಯದವನಿಗೆ ಮರಳಿದ ಸೀತೆಯಲ್ಲಿ ಅಷ್ಟೇನೂ ವಿಶೇಷವಿಲ್ಲ. ಗೌಡ ಪ್ರೈಮಿನ ಅನಂತರದ ಕಥೆಯೂ ಹಾಗೆಯೇ: ಆ ಕಡೆಯ ಸಂಚಿಕೆಯನ್ನು ನೋಡಿ ನೊಂದಿಲ್ಲದವನಿಗೆ ಅದರಿಂದ ಏನೂ ದೊರೆಯದು. ಉಪಜೀವಕವಾದ ಕಥೆಯು ಉಪಜೀವ್ಯದ ಶೋಕವನ್ನು ಅಳಿಸಿದರೆ ತನ್ನ ಬೇರನ್ನೇ ಕಡಿದುಕೊಂಡಂತೆ. ಎಲ್ಲ ಗುಂಡುಗಳನ್ನೂ ಸುಳ್ಳುಮಾಡಿ ಎಲ್ಲರನ್ನೂ ಎಬ್ಬಿಸಿ ನಗಿಸುವ ಕಥೆಗಳು ಸಪ್ಪೆಯಾಗುವುದಕ್ಕೂ, ಏವನನಿಗೆ ತನ್ನ ಗುಂಡನ್ನು ಮರೆಯಗೊಡದ ಕಥೆಗಳು ಉಳಿಯುವುದಕ್ಕೂ ಇದೇ ಕಾರಣವು.

ಈಗ ಈ ಕಥೆಗಳು ಕಿರುಪತ್ರಿಕೆಗಳಲ್ಲಿ ಚದುರಿಹೋಗಿಲ್ಲ. ೨೦೦೭ರಲ್ಲಿ ಅಭಿಮಾನಿಗಳು ಕಟ್ಟಿದ ಸಂಸ್ಥೆಯೊಂದು ೨೦೦೯ರಲ್ಲಿ ತೆರೆದ 'ಆರ್ಕೈವ್ ಆಫ್ ಅವರ್ ಓನ್' ಎಂಬ ಗಣಕಭಂಡಾರದಲ್ಲಿ ಅವುಗಳ ರಾಶಿಯೇ ಇದೆ. ೨೦೧೯ರಲ್ಲಿ ಆ ಭಂಡಾರಕ್ಕೆ ಹ್ಯೂಗೋ ಪ್ರಶಸ್ತಿಯೂ ಬಂದಿತು. ಅಲ್ಲಿಯ ಕಥೆಗಳ ನೆತ್ತಿಯ ಮೇಲೆ ಪಾತ್ರಗಳಾರು, ಸಂಬಂಧವೆಂಥದು, ಗಾಯ ಮತ್ತು ಆರೈಕೆಯುಂಟೇ, ಮುಖ್ಯಪಾತ್ರದ ಮರಣವುಂಟೇ ಎಂಬಿವೆಲ್ಲವನ್ನೂ ಚೀಟಿಗಳಲ್ಲಿ ಬರೆದಿಡುವ ವಾಡಿಕೆಯಿದೆ. ಮರಣವಿದ್ದರೂ ಹೇಳಬಯಸದವರು ಎಚ್ಚರಿಕೆ ಕೊಡಲೊಲ್ಲೆವೆಂದು ಬರೆಯಬಹುದು. ಓದುಗಳು ಕಥೆಯನ್ನಾರಿಸುವುದಕ್ಕೆ ಮುಂಚೆಯೇ ರಸವನ್ನಾರಿಸುತ್ತಾಳೆ. ನಾಂದಿಯಲ್ಲಿಯೂ ಪ್ರಸ್ತಾವನೆಯಲ್ಲಿಯೂ ವಸ್ತುವನ್ನು ಸೂಚಿಸುವ ಸಂಪ್ರದಾಯಕ್ಕೆ ಒಗ್ಗಿದವರಿಗೆ ಇದು ಅಪರಿಚಿತವಲ್ಲ. ಆದರೆ ನಾಂದಿಯು ಸೂಚಿಸುತ್ತಿತ್ತು, ಚೀಟಿಯು ವಾಚ್ಯವಾಗಿ ಹೇಳಿಬಿಡುತ್ತದೆ. ಶೋಕವೆಂಬ ಶಬ್ದದಿಂದಲೇ ಶೋಕವುಂಟಾಗುವುದಿಲ್ಲವೆಂಬುದು ಧ್ವನಿವಾದಿಗಳ ಹಳೆಯ ಮಾತು. ಹಾಗಿದ್ದರೂ ಚೀಟಿಯನ್ನು ನೋಡಿಯೇ ಒಳಹೊಕ್ಕವರು ಅಳುತ್ತಾರೆಂಬುದು ಪ್ರತ್ಯಕ್ಷವಾಗಿದೆ. ಚೀಟಿಯ ಬಲವು ಅವರು ಪರದೆಯ ಮೇಲೆ ಮೊದಲೇ ಕಂಡುಬಂದ ಮುಖದಿಂದ ಬಂದುದು. ಮುಖವನ್ನು ಕಾಣದೆ ಚೀಟಿಯೊಂದನ್ನೇ ಓದಿದವರಿಗೆ ಅದು ಬರಿಯ ಚೀಟಿ.